ಒಂಬತ್ತು ಸಲ ಸತ್ತ ಕೋಲ್ಮನ್

ಕಾರ್ನಾ ಎಂಬ ಕಡಲಂಚಿನ ಹಳ್ಳಿಯ ಕೋಲ್ಮನ್ ಮ್ಯಾನಿಯನ್ ಒಂಬತ್ತು ಸಲ ಸತ್ತಿದ್ದ. ಡಬ್ಲಿನ್‌ನಿಂದ ಚರಿತ್ರೆಯ ಸಿನಿಮಾ ತೆಗೆಯುವವರು ಬಂದಾಗಲೆಲ್ಲ ಅವನ ಒಣಕಲು ಮುಖವೇ ಬೇಕು. ಎರಡು ಸಲ ಇಂಗ್ಲಿಷ್ ಸಿಪಾಯಿಗಳ ಗುಂಡಿಗೆ ಬಿದ್ದ, ಒಮ್ಮೆ ಗಲ್ಲಿಗೇರಿದ, ಉಳಿದ ಸಲವೆಲ್ಲ ಆಲೂಗಡ್ಡೆ ಬೆಳೆ ಕೊಳೆತ ಬರಗಾಲದಲ್ಲಿ ಹಸಿದು ಸತ್ತ. ನಮ್ಮ ಚರಿತ್ರೆಯಲ್ಲಿ ಸಾಯುವವರಿಗೆ ಕೆಲಸ ತಪ್ಪುವುದಿಲ್ಲ. ಅವನು ಬದುಕಿದ್ದು ಮಾತ್ರ ಈ ಎಪ್ಪತ್ತೊಂದು ವರ್ಷ, ಒಬ್ಬಂಟಿಯಾಗಿ.

ಮನಸ್ಸಿರಲಿಲ್ಲವೆಂದಲ್ಲ. ಜೌಗಿನಾಚೆಯ ಡೆಲಿಯಾಳನ್ನು ಮದುವೆಗೆ ಕೇಳಬೇಕೆಂದು ಹರೆಯದಲ್ಲೇ ಅಂದುಕೊಂಡಿದ್ದ. ಇವನು ಇಂದು ನಾಳೆ ಎನ್ನುವಷ್ಟರಲ್ಲಿ ಫೋಲನ್ ಎಂಬವನು ಕೇಳಿದ, ಆಕೆ ಒಪ್ಪಿದಳು. ಈಗ ಅವಳು ವಿಧವೆಯಾಗಿ ಆರು ವರ್ಷ. ಕೋಲ್ಮನ್ ಇನ್ನೂ ಕೇಳಿರಲಿಲ್ಲ. ಇಂಥವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಒಂಬತ್ತನೆಯ ಸಾವು ಟೀವಿ ಧಾರಾವಾಹಿಗಾಗಿ. ಅವನು ಹೆಣವಾಗಿ ಮಲಗಬೇಕು, ಊರವರು ಹೆಣ ಕಾಯುವವರಾಗಿ ಸುತ್ತ ಕೂರಬೇಕು. ಹೆಂಡತಿಯೆಂದು ತಲೆಯ ಬಳಿ ಕೂರಿಸಿದ್ದು ಡೆಲಿಯಾಳನ್ನು. ಕ್ಯಾಮೆರಾ ಇನ್ನೂ ಶುರುವಾಗಿರಲಿಲ್ಲ. ತಡವಾಗಿ ಬಂದ ಮೀನುಗಾರ ಫೆಸ್ಟಸ್, ಸಾವಿನ ಮನೆ ಹೊಕ್ಕ ಅಭ್ಯಾಸದಲ್ಲಿ, ನೆಟ್ಟಗೆ ಹೋಗಿ ಅವಳ ಕೈ ಹಿಡಿದು, "ನಿನ್ನ ದುಃಖ ನಮ್ದೂ ಹೌದು, ಡೆಲಿಯಕ್ಕ" ಅಂದುಬಿಟ್ಟ. ಅವನ ಹಿಂದಿದ್ದವರೂ ಸಾಲಾಗಿ ಬಂದು ಅವಳ ಕೈ ಹಿಡಿದರು. ಹೆಣ ಕಂಡರೆ ನಮ್ಮವರ ಕೈ ತಾನಾಗಿ ಮುಂದಾಗುತ್ತದೆ.

ಡೆಲಿಯಾ ನಗಲಿಲ್ಲ. ಮಲಗಿದ್ದವನತ್ತ ನೋಡಿ, "ಒಳ್ಳೆಯವ್ನಪ್ಪ" ಅಂದಳು. "ಬಾಯಿ ಬಿಡೋದು ಮಾತ್ರ ತಡ."

ಕಣ್ಣು ಮುಚ್ಚಿ ಮಲಗಿದ್ದ ಕೋಲ್ಮನ್‌ನ ಕಣ್ಣಂಚಿನಿಂದ ನೀರು ಇಳಿಯಿತು. ಹೆಣ ಅಳಬಾರದು ತಾತ ಎಂದು ನಿರ್ದೇಶಕಿ ಒರೆಸಿ ಮತ್ತೆ ಮಲಗಿಸಿದಳು.

ಕೆಲಸ ಮುಗಿದ ಮೇಲೆ ಊಟದ ವ್ಯಾನಿನ ಪಕ್ಕ ಇಬ್ಬರೂ ಚಹಾ ಕುಡಿಯುತ್ತ ಕೂತರು. ಆಕೆ ಕಾದಳು.

"ಈ ವರ್ಷದ ಉರುವಲು ಒಣಗಿತಾ?" ಎಂದು ಕೋಲ್ಮನ್ ಕೇಳಿದ.

"ಒಣಗಿದೆ ಕಣೋ" ಎಂದು ಆಕೆ ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಲೋಟ ಇಟ್ಟು ಹೋದಳು. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಕೇಳಿಯೇ ಬಿಡುತ್ತೇನೆಂದು ಅವನು ನಿಶ್ಚಯಿಸಿದ.

ಶುಕ್ರವಾರ ಡೆಲಿಯಾ ಅಂಗಳದಲ್ಲಿ ಕುಸಿದು ಬಿದ್ದವಳು ಏಳಲಿಲ್ಲ.

ಶನಿವಾರ ಅವಳ ಮನೆಯಲ್ಲಿ ಅದೇ ಜನ, ಅದೇ ಸಾಲು. ಶವಪೆಟ್ಟಿಗೆಯ ಪಕ್ಕ ನಿಂತಿದ್ದ ಅವಳ ಮಗ ಚಿಕ್ಕಂದಿನಲ್ಲೇ ಊರು ಬಿಟ್ಟವನು, ಗ್ಲಾಸ್ಗೋದಿಂದ ಬಂದಿದ್ದ. ಕೋಲ್ಮನ್‌ಗೆ ಕೈ ಚಾಚಿ, ತಾವು ಯಾರೆಂದು ಕೇಳಿದ.

"ಜೌಗಿನಾಚೆ ಮನೆಯವ್ನು" ಅಂದ ಕೋಲ್ಮನ್. "ನಿನ್ನ ದುಃಖ ನಮ್ದೂ ಹೌದಪ್ಪ."

ಆಮೇಲೆ ಬಾಗಿಲ ಬಳಿಯ ಬೆಂಚಿನಲ್ಲಿ, ಬಲಗೈಯನ್ನು ಮೊಣಕಾಲ ಮೇಲೆ ತೆರೆದಿಟ್ಟುಕೊಂಡು ಕೂತ. ಜನ ಅವನನ್ನು ದಾಟಿ ಹೋಗಿ ಮಗನ ಕೈ ಹಿಡಿಯುತ್ತಿದ್ದರು. ಇವನ ಕೈಯನ್ನು ಯಾರೂ ಹಿಡಿಯಲಿಲ್ಲ.