ಕಿತ್ತಳೆ ಸಿಪ್ಪೆಯ ಚಹಾ

ಪಕ್ಕದ ಮನೆಯವಳು ನಮ್ಮೊಂದಿಗೆ ಮಾತು ಬಿಟ್ಟಿದ್ದಳು. ಅವರ ಶುಂಠಿ ಗದ್ದೆಯ ನೀರು ನಮ್ಮ ಅಂಗಳಕ್ಕೆ ನುಗ್ಗಿದಾಗ ನಾನು ಬೇಲಿಯ ಬಳಿ ನಿಂತು ಜೋರಾಗಿಯೇ ಮಾತಾಡಿದ್ದೆ, ಅವಳೂ ಬಿಟ್ಟುಕೊಟ್ಟಿರಲಿಲ್ಲ. ಅಂಥವಳು ಒಂದು ಬೆಳಿಗ್ಗೆ ಬಾಗಿಲಿಗೆ ಬಂದು ಸಣ್ಣ ಡಬ್ಬಿಯೊಂದನ್ನು ನನ್ನ ಕೈಗಿಟ್ಟಳು.

"ಬ್ಲ್ಯಾಕ್ ಟೀ ಪುಡಿ. ಕಿತ್ತಳೆ ಸಿಪ್ಪೆ, ಏಲಕ್ಕಿ ಹಾಕಿದೀನಿ. ಹಾಲು ಹಾಕ್ಬೇಡಿ. ಹೇಗಿದೆ ಅಂತ ಹೇಳಿ," ಎಂದವಳೇ ಹೊರಟುಹೋದಳು.

ಅತ್ತೆ ಡಬ್ಬಿ ಅಲ್ಲಾಡಿಸಿ ನೋಡಿದರು. "ಮಾತು ಬಿಟ್ಟೋಳು ಸುಮ್‌ಸುಮ್ನೆ ಟೀ ಪುಡಿ ತಂದ್ಕೊಡ್ತಾಳಾ? ಏನೋ ಐತೆ."

ನನಗೂ ಹಾಗೇ ಅನ್ನಿಸಿತು. ದುಬಾರೆಗೆ ಹೋಗುವ ದಾರಿಯಲ್ಲಿ ಅವಳಿಗೊಂದು ಮಸಾಲೆ ಅಂಗಡಿ ಇದೆ. ಪ್ರವಾಸಿಗರು ಕೊಳ್ಳದೆ ಉಳಿದ ಸರಕೋ, ಎಸೆನ್ಸ್ ಬೆರೆಸಿದ್ದೋ ಯಾರಿಗೆ ಗೊತ್ತು? ಪುಡಿಯನ್ನು ಬಿಳಿ ತಟ್ಟೆಯಲ್ಲಿ ಹರಡಿ ಕೆದಕಿದೆ. ಕಪ್ಪು ಎಲೆ, ಸಿಪ್ಪೆಯ ಚೂರು, ಜಜ್ಜಿದ ಏಲಕ್ಕಿ. ಬಣ್ಣ ಹಾಕಿರಬಹುದೆಂದು ಒಂದು ಚಿಟಿಕೆ ತಣ್ಣೀರಿಗೆ ಉದುರಿಸಿದೆ. ನೀರು ಕೆಂಪಾಗಲಿಲ್ಲ. ಆದರೂ ಸಮಾಧಾನವಾಗಲಿಲ್ಲ.

ಕುದಿಯುವ ನೀರಿಗೆ ಪುಡಿ ಹಾಕಿ, ಒಲೆ ಆರಿಸಿ, ತಟ್ಟೆ ಮುಚ್ಚಿಟ್ಟೆ. ಸೋಸಿದಾಗ ಜೇನಿನ ಬಣ್ಣ, ಮನೆ ತುಂಬ ಘಮ.

"ಮೊದ್ಲು ನೀನು ಕುಡಿ," ಎಂದರು ಅತ್ತೆ.

ಮೊದಲ ಗುಟುಕು ಹಿತವಾಗಿಯೇ ಇತ್ತು. ಆಮೇಲೆ ನಾಲಗೆಯ ಬುಡದಲ್ಲಿ ಕಹಿಯೊಂದು ಕೂತಿತು; ನೀರು ಕುಡಿದರೂ ಹೋಗಲಿಲ್ಲ. ಉಳಿದದ್ದನ್ನು ಸಿಂಕಿಗೆ ಸುರಿದೆ. ಬೇಕೆಂದೇ ಮಾಡಿದ್ದಾಳೆ ಎನ್ನುವುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ.

ಸಂಜೆ ಡಬ್ಬಿ ಹಿಡಿದು ಅವಳ ಅಡುಗೆಮನೆಗೇ ಹೋದೆ. "ಏನ್ ಹಾಕಿದೀರಿ ಇದಕ್ಕೆ? ಕಹಿ. ಕುಡಿಯೋಕಾಗಲ್ಲ."

ಅವಳು ಸಿಟ್ಟಾಗಲಿಲ್ಲ. "ಕಹಿನಾ?" ಎಂದು ಕೇಳಿ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡಳು. "ಜ್ವರ ಬಂದು ಹೋದ್ಮೇಲೆ ನಂಗೆ ವಾಸನೆ, ರುಚಿ ಯಾವ್ದೂ ಗೊತ್ತಾಗ್ತಿಲ್ಲ. ಮನೇಲಿ ಹೇಳಿಲ್ಲ. ಹೇಳಿದ್ರೆ ಅಂಗಡಿ ಮುಚ್ಚು ಅಂತಾರೆ."

"ಮತ್ತೆ ನನಗೇ ಯಾಕೆ ತಂದ್ರಿ?"

"ಬೇರೆಯವ್ರು ಚೆನ್ನಾಗಿದೆ ಅಂತಾರೆ. ನೀವು ನನ್ನ ಮುಖ ನೋಡ್ಕೊಂಡು ಮಾತಾಡೋರಲ್ಲ."

ಅದನ್ನೂ ನಾನು ಪೂರ್ತಿ ನಂಬಲಿಲ್ಲ. ಆದರೆ ಅವಳ ಬೆನ್ನ ಹಿಂದೆ ಒಲೆಯ ಮೇಲೆ ಹಾಲು ಸೀಯುತ್ತಿತ್ತು. ಬಾಗಿಲಲ್ಲೇ ನನ್ನ ಮೂಗಿಗೆ ಬಡಿದ ವಾಸನೆ ಅದು. ಅವಳು ತಿರುಗಿಯೂ ನೋಡಲಿಲ್ಲ. ನಾನೇ ಹೋಗಿ ಒಲೆ ಆರಿಸಿದೆ.

ಒಣಗಲು ಹಾಕಿದ್ದ ಸಿಪ್ಪೆಯನ್ನು ಮಗುಚಿ ನೋಡಿದೆ. ಒಳಗಿನ ಬಿಳಿ ಪದರ ಹಾಗೇ ಇತ್ತು; ಕಹಿ ಅದರದ್ದೇ. ಇಬ್ಬರೂ ಕೂತು ಹಸಿ ಸಿಪ್ಪೆಯ ಬಿಳಿಯನ್ನು ಚಾಕುವಿನಿಂದ ಹೆರೆದು, ಹೊಸದಾಗಿ ಚಹಾ ಕಾಸಿದೆವು. ನಾನು ಕುಡಿಯುವಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಈಗ?"

"ಏಲಕ್ಕಿ ಜಾಸ್ತಿಯಾಯ್ತು."

ಅವಳು ನಕ್ಕಳು. ಕೆಲವು ವಾರಗಳ ನಂತರ ಗಂಡನಿಗೆ ಅವಳೇ ಹೇಳಿದಳಂತೆ, ಅಂಗಡಿ ಮುಚ್ಚಲಿಲ್ಲ. ಅಲ್ಲಿಯವರೆಗೆ ಆ ವಿಷಯ ನಾನು ಯಾರಿಗೂ ಹೇಳಲಿಲ್ಲ. ಹೊಸ ಪುಡಿ ಮಾಡಿದಾಗಲೆಲ್ಲ ಅವಳು ಕರೆಯುತ್ತಿದ್ದಳು, ನಾನು ಹೋಗುತ್ತಿದ್ದೆ. ಮನೆಗೆ ಮರಳಿ ಬಂದಾಗ ಅತ್ತೆ ನನ್ನನ್ನೇ ದಿಟ್ಟಿಸುತ್ತಿದ್ದರು. "ನಿಮ್ಮಿಬ್ರದ್ದೂ ಏನೋ ನಡೀತಾ ಐತೆ," ಎನ್ನುತ್ತಿದ್ದರು.