ಟೈಮರ್ ಸಿಕ್ಕದ ಕಂಪ್ಯೂಟರೂ ಶಿವಮ್ಮತ್ತೆಯ ಕೋಸಿನ ಪೈರೂ

ಇವತ್ತು ಬೆಳಿಗ್ಗೆ ತಾಳವಾಡಿಯ ನನ್ನ ರಿಪೇರಿ ಅಂಗಡಿಗೆ ಹಳೆಯ ಕಂಪ್ಯೂಟರೊಂದು ಬಂತು. ಚಾಲೂ ಮಾಡಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಓಡಿದವು. ನಡುವೆ ಒಂದು ಸಾಲು: ಟೈಮರ್ ಸಿಕ್ಕಲಿಲ್ಲ. ಇಂಥ ಸಾಲುಗಳನ್ನು ಯಾರೂ ಓದುವುದಿಲ್ಲ, ಒಂದು ಕಾಲದಲ್ಲಿ ನಾನೂ ಓದುತ್ತಿರಲಿಲ್ಲ. ಈಗ ಓದುತ್ತೇನೆ, ಓದಿದಾಗಲೆಲ್ಲ ದೊಡ್ಡಗಾಜನೂರಿನ ಶಿವಮ್ಮತ್ತೆ ನೆನಪಾಗಿ ಕಿವಿ ಬಿಸಿಯಾಗುತ್ತದೆ.

ಶಿವಮ್ಮತ್ತೆ ನನ್ನ ತಂದೆಯ ತಂಗಿ. ಹಸಿರು ನೆರಳು ಬಲೆಯ ಕೆಳಗೆ ಕೋಸಿನ ಪೈರು ಬೆಳೆಸಿ ಸುತ್ತಲಿನ ರೈತರಿಗೆ ಕೊಡುತ್ತಾರೆ. ಪೈರಿಗೆ ನೀರು ಬಿಟ್ಟರೆ ಮನಸ್ಸಿನಲ್ಲೇ ಇಪ್ಪತ್ತು ಸಲ ಶಿವನಾಮ ಹೇಳುತ್ತಾರೆ, ಆಮೇಲೆ ನಲ್ಲಿ ಬಂದ್. ಇಪ್ಪತ್ತೊಂದನೆಯದು ದೇವರಿಗೆ ಬೇಡವೆಂದಲ್ಲ, ಪೈರಿಗೆ ಬೇಡ. ಅವರಿಗೆ ಮಂಡಿನೋವು ಹೆಚ್ಚಾದಾಗ ಈ ಕೆಲಸವನ್ನು ಕಂಪ್ಯೂಟರಿಗೆ ವಹಿಸೋಣವೆಂದು ಹೊರಟವನು ನಾನು. ಅಂಗಡಿಯಲ್ಲಿ ಬಿದ್ದಿದ್ದ ಒಂದನ್ನು ಒಯ್ದು ನೀರಿನ ಮೋಟರಿಗೆ ಜೋಡಿಸಿದೆ. ಗಂಟೆಗೊಮ್ಮೆ ಇಪ್ಪತ್ತು ಸೆಕೆಂಡು ನೀರು. ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ನನಗೆ ಸ್ವಲ್ಪ ಜಂಬವೂ ಬಂತು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮಲ್ಲಿ ಅವತ್ತು ಕೆಲಸದ ಸಾಮಾನಿಗೆಲ್ಲ ರಜೆ. ಕುಡುಗೋಲು, ಗುದ್ದಲಿ, ಔಷಧಿ ಹೊಡೆಯುವ ಕ್ಯಾನು ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು ವಿಭೂತಿ ಬಳಿಯುತ್ತಾರೆ. ಕಂಪ್ಯೂಟರೂ ಆಯುಧವೇ ತಾನೆ? ತೊಳೆಯಲಾಗದೆ ನಾನು ಪೆಟ್ಟಿಗೆ ಬಿಚ್ಚಿ, ಕೈಗೆ ಬಂದದ್ದನ್ನೆಲ್ಲ ಕಳಚಿ ಒರೆಸಿದೆ. ಒಳಗಿದ್ದ ನಾಣ್ಯದಾಕಾರದ ಪುಟ್ಟ ಬ್ಯಾಟರಿಯನ್ನೂ ಕಿತ್ತು ಬಾಳೆಲೆಯ ಮೇಲಿಟ್ಟೆ. ಅತ್ತೆ ಅದಕ್ಕೂ ಭಕ್ತಿಯಿಂದ ಮೂರು ಗೀಟು ವಿಭೂತಿ ಎಳೆದರು. ಮಾರನೆಯ ದಿನ ಎಲ್ಲವನ್ನೂ ಮತ್ತೆ ಜೋಡಿಸಿ, ಹಿಂದೆ ಹೋಗಿದ್ದ ತಾರೀಖು ಸರಿ ಮಾಡಿ, ಕಡುಬು ತಿಂದು ಬಂದೆ.

ಎರಡು ದಿನಕ್ಕೆ ಅತ್ತೆಯ ಫೋನು.

"ನಿನ್ ಮಿಸನ್ನು ನೀರ ನಿಲ್ಲುಸ್ತಾನೆ ಇಲ್ಲ ಕಣ್ಲಾ. ನನ್ ಇಪ್ಪತ್ತು ಮುಗ್ದು, ಅರವತ್ತಾದ್ರೂ ಉಯ್ತಾನೇ ಅದ."

"ನೀವು ಬ್ಯಾಗ ಬ್ಯಾಗ ಎಣಿಸ್ತಿದ್ದೀರ ಅತ್ತೆ. ಮಿಸನ್ನು ತಪ್ಪು ಮಾಡಕಿಲ್ಲ."

"ಆಗ್ಲಿ ಬುಡು" ಎಂದರು. ಅತ್ತೆಯ "ಆಗ್ಲಿ ಬುಡು" ಎಂದರೆ ಒಪ್ಪಿಗೆಯಲ್ಲವೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಮಾರನೆಯ ದಿನ ಹೋಗಿ ನೋಡಿದರೆ ಪರದೆಯ ಮೇಲೆ ಇದೇ ಸಾಲು: ಟೈಮರ್ ಸಿಕ್ಕಲಿಲ್ಲ. ವಿಷಯ ಇಷ್ಟೇ. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಅದು ಎದ್ದ ಕೂಡಲೇ ಒಳಗಿನ ಬೋರ್ಡಿನ ಮೇಲೆ ಟೈಮರ್, ಅಂದರೆ ಗಡಿಯಾರ, ಯಾವುದಿದೆ ಎಂದು ಹುಡುಕುತ್ತದೆ. ಸಿಕ್ಕದಿದ್ದರೆ ಪ್ರೊಸೆಸರಿನ ಬಡಿತವನ್ನೇ ಎಣಿಸಿ ಕಾಲ ಹೇಳುತ್ತದೆ. ಆದರೆ ಆ ಹಳೆಯ ಪ್ರೊಸೆಸರು ಕೆಲಸವಿಲ್ಲದಾಗ ನಿಧಾನವಾಗುತ್ತಿತ್ತು, ಅದರೊಂದಿಗೆ ಸೆಕೆಂಡೂ ಉದ್ದವಾಗುತ್ತಿತ್ತು. ಗಡಿಯಾರ ಏಕೆ ಸಿಕ್ಕಲಿಲ್ಲ ಎಂಬುದೇ ಪ್ರಶ್ನೆ. ತಪ್ಪು ಕರ್ನಲ್ ಬರೆದವರದ್ದೇ ಎಂದು ತೀರ್ಮಾನಿಸಿ ಒಂದು ವಾರ ಅವರ ಕೋಡ್ ಓದಿದೆ. ದಿನಕ್ಕೊಂದು ಆಜ್ಞೆ ಬದಲಿಸಿ "ಇವತ್ತು ಸರಿಹೋಯ್ತು" ಎನ್ನುತ್ತಿದ್ದೆ. ಫೋನಿನ ಗಡಿಯಾರ ಹಿಡಿದು ನೀರಿನ ಹೊತ್ತನ್ನು ಅಳೆಯಬಹುದಿತ್ತಲ್ಲ ಎಂದು ದಯವಿಟ್ಟು ಕೇಳಬೇಡಿ.

ಅಷ್ಟರಲ್ಲಿ ಪೈರಿನ ಬುಡ ಕೊಳೆಯಿತು. ಟ್ರೇಗಳ ತುಂಬ ಎಳೆಯ ಕೋಸು ಮಲಗಿಕೊಂಡಿತ್ತು. ಪಕ್ಕದ ಹೊಲದ ಬಸಪ್ಪಣ್ಣ ಉತ್ತು ಹದ ಮಾಡಿ ಪೈರಿಗೆಂದು ಬಂದ ಹೊತ್ತಿಗೆ ಸರಿಯಾಗಿ ನಾನು, ಬೇರೆ ದಾರಿ ಕಾಣದೆ, ಬೋರ್ಡಿನ ಸೆಟ್ಟಿಂಗ್ ತೆರೆದಿದ್ದೆ. ಟೈಮರ್ ಆಫ್ ಆಗಿತ್ತು. ಬ್ಯಾಟರಿ ಕಿತ್ತಿದ್ದಕ್ಕೆ ಬೋರ್ಡು ತನ್ನ ಸೆಟ್ಟಿಂಗುಗಳನ್ನೆಲ್ಲ ಮರೆತಿತ್ತು. ಕಂಡುಹಿಡಿದ ಖುಷಿಯಲ್ಲೋ, ಬಸಪ್ಪಣ್ಣನ ಮುಖ ನೋಡಿದ ಭಯದಲ್ಲೋ, "ಅತ್ತೆ ಬ್ಯಾಟ್ರಿನ ಪೂಜೆಗೆ ಇಟ್ಬುಟ್ಟವ್ರೆ ಅಣ್ಣ, ಅದ್ಕೇ ಇಂಗಾಯ್ತು" ಎಂದುಬಿಟ್ಟೆ.

ಬಸಪ್ಪಣ್ಣ ಅತ್ತೆಯ ಕಡೆ ನೋಡಿದ. ಅತ್ತೆ ನನ್ನ ಕಡೆ ನೋಡಲಿಲ್ಲ.

"ಊಂ ಕಣಣ್ಣ, ನಾನೇ ಇಟ್ಟಿದ್ದು. ಇನ್ನೊಂದ್ಸಲ ಬೀಜ ಆಕ್ಕೊಡ್ತೀನಿ. ಅಲ್ಲಿಗಂಟ ಒಲ ಅಂಗೇ ಬುಟ್ಟಿರು" ಎಂದರು.

ನಾನು ಟೈಮರ್ ಆನ್ ಮಾಡಿದೆ. ಸೆಕೆಂಡು ಸೆಕೆಂಡಾಯಿತು. ಆದರೆ ಅತ್ತೆ ಆ ಕಂಪ್ಯೂಟರನ್ನು ಮತ್ತೆ ಮುಟ್ಟಲಿಲ್ಲ. ಮಂಡಿ ಹಿಡಿದುಕೊಂಡು ತಾವೇ ನೀರು ಬಿಟ್ಟು ಬಸಪ್ಪಣ್ಣನ ಪೈರು ಬೆಳೆಸಿಕೊಟ್ಟರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ವರ್ಷಗಟ್ಟಲೆ ಅವರ ಮನೆಯಲ್ಲಿ ಊಟ ಮಾಡಿ, ಆ ವಿಷಯ ಬಿಟ್ಟು ಉಳಿದೆಲ್ಲ ಮಾತಾಡಿ ಬರುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಆದರೂ ಊಟ ಬಿಡುತ್ತಿರಲಿಲ್ಲ.

ಇವತ್ತು ಬಂದ ಕಂಪ್ಯೂಟರ್ ಹತ್ತು ನಿಮಿಷದಲ್ಲಿ ಸರಿಹೋಯಿತು. ಅಂಗಡಿಯ ಬಾಗಿಲೆಳೆದು ಸೀದಾ ದೊಡ್ಡಗಾಜನೂರಿಗೆ ಹೋದೆ. ಅತ್ತೆ ಟ್ರೇಗೆ ಬೀಜ ಹಾಕುತ್ತಿದ್ದರು. ನಿಂತುಕೊಂಡೇ ಹೇಳಿದೆ: "ಅತ್ತೆ, ಅವತ್ತು ಬ್ಯಾಟ್ರಿ ಕಿತ್ತೋನು ನಾನು. ನಿಮ್ ಮೇಲೆ ಆಕ್ದೆ."

"ಗೊತ್ತು ಕಣ್ಲಾ. ಬಸಪ್ಪಣ್ಣನೂ ಕಂಡ್ಕಂಡ. ಓಗೋವಾಗ ಕೇಳ್ದ, ಆ ಪೆಟ್ಗೆ ಬಿಚ್ಚಕ ನಿನಗ ಬತ್ತದಾ ಅಂತ."

"ನೀವೇನಂದ್ರಿ?"

"ಕಲ್ತ್ಕಂಡಿವ್ನಿ ಅಂದೆ." ಕೈಯ ಮಣ್ಣು ಒರೆಸಿಕೊಂಡರು. "ಆ ಸುಳ್ಳು ಅಂಗೇ ಉಳ್ಕಂಡದ. ಈಗ್ಲಾದ್ರೂ ಕಲ್ಸು."

ಮೂಲೆಯಲ್ಲಿದ್ದ ಪೆಟ್ಟಿಗೆಯನ್ನು ಜಗಲಿಗೆ ಎಳೆದೆ. ಮೊದಲ ಸ್ಕ್ರೂ ಅವರೇ ತಿರುಗಿಸಿದರು.