ನೀರುಗಂಟಿ ಕದಿರಪ್ಪನ ಸಪ್ಪೆ ಊಟ

ಕದಿರಪ್ಪ ಒಳ್ಳೆಯವನೇನೂ ಅಲ್ಲ. ಸತ್ತವರನ್ನೆಲ್ಲ ಒಳ್ಳೆಯವರು ಅನ್ನುವುದು ಊರಿನ ರೂಢಿ. ಅವನ ಹೆಂಡತಿ ಚಿಕ್ಕಗಂಗಮ್ಮ ಅದನ್ನು ಒಪ್ಪುವುದಿಲ್ಲ. ಅವನ ಬಾಯಿ ಕೆಟ್ಟದ್ದು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ತಾಯಲೂರಿನ ಆಚೆಗಿರುವ ಆ ಊರಿನಲ್ಲಿ ಇಪ್ಪತ್ತೆರಡು ವರ್ಷ ನೀರುಗಂಟಿಯಾಗಿದ್ದ. ಕೆರೆಯ ತೂಬು ಎತ್ತಿ, ಸರದಿ ಪ್ರಕಾರ ಗದ್ದೆಗದ್ದೆಗೆ ನೀರು ಬಿಡುವುದು ಅವನ ಕೆಲಸ. ಯಾರ ಮುಲಾಜೂ ನೋಡಲಿಲ್ಲ. ಅದಕ್ಕೇ ಅರ್ಧ ಊರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ.

ಮನೆಯೊಳಗೂ ನೆಮ್ಮದಿ ಇರಲಿಲ್ಲ. ಅವನ ಅಕ್ಕ ಆವಲಮ್ಮ ಗಂಡ ಸತ್ತ ಮೇಲೆ ತವರಿಗೆ ಬಂದು ಉಳಿದಿದ್ದಳು. ತಾಯಿಲ್ಲದ ತಮ್ಮನನ್ನು ಎತ್ತಿ ಆಡಿಸಿದವಳು ತಾನು ಅನ್ನುವುದು ಅವಳ ಮಾತು. ಅವನನ್ನು ಕಟ್ಟಿಕೊಂಡು ಏಗಿದವಳು ತಾನು ಅನ್ನುವುದು ಚಿಕ್ಕಗಂಗಮ್ಮನ ಮಾತು. ಇಬ್ಬರ ಮಾತೂ ನಿಜ. ಅದರಿಂದಲೇ ಹದಿನೆಂಟು ವರ್ಷ ಜಗಳ ಮುಗಿಯಲಿಲ್ಲ.

ಸಾವಿರದ ಒಂಬೈನೂರ ನಲವತ್ತಮೂರರ ಬೇಸಿಗೆಯಲ್ಲಿ ಕದಿರಪ್ಪನ ಮುಖ ಊದಿತು. ಆಮೇಲೆ ಕಾಲು. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಮೂತ್ರ ದಿನಕ್ಕೆ ಒಂದು ಚೊಂಬೂ ಆಗುತ್ತಿರಲಿಲ್ಲ. ಸುದ್ದಿ ಊರೆಲ್ಲ ಹರಡಿತು. ಕೆರೆ ಕಟ್ಟೆಯ ಮೇಲೆ ಅವನು ಕಾಲು ಚಾಚಿ ಕೂತಿದ್ದಾಗ ಕೆರೆಯ ಕೆಳಗೆ ಗದ್ದೆಯಿದ್ದ ಪೆದ್ದಪ್ಪ ನಾಲ್ಕು ಜನ ಕೇಳುವಂತೆ ಅಂದ:

"ಊರಿಗೆಲ್ಲ ನೀರು ಬಿಡೋನಿಗೆ ತನ್ನ ನೀರು ಬಿಡೋಕೆ ಬರ್ಲಿಲ್ಲ ನೋಡ್ರೋ."

"ಲೇ ಪೆದ್ದ, ನಾನು ಸತ್ರೂ ನಾಳೆ ನಿನ್ನ ಸರದಿ ಅಲ್ಲ ಕಣೋ. ನಾಡಿದ್ದು ಬಾ," ಅಂದ ಕದಿರಪ್ಪ.

ಚಿಕ್ಕಗಂಗಮ್ಮ ಗಾಡಿ ಕಟ್ಟಿಸಿ ಅವನನ್ನು ಮುಳಬಾಗಿಲಿಗೆ ಕರೆದೊಯ್ದಳು. ಅಲ್ಲಿನ ಡಾಕ್ಟರು ಅವನ ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಹಾಕಿ ದೀಪದ ಮೇಲೆ ಕಾಯಿಸಿದರು. ಅದು ಕೋಳಿಮೊಟ್ಟೆಯ ಬಿಳಿಯ ಹಾಗೆ ಹೆಪ್ಪುಗಟ್ಟಿತು.

"ಕುರಿ ಕೊಯ್ದಾಗ ಬೆನ್ನಿಗೆ ಅಂಟ್ಕೊಂಡು ಎರಡು ಇರ್ತವಲ್ಲಮ್ಮ, ಆ ಮೂತ್ರಪಿಂಡ ಇವನಿಗೆ ಕೆಟ್ಟಿವೆ. ವಾಸಿ ಆಗಲ್ಲ. ಉಪ್ಪು ಪೂರ್ತಿ ಬಿಡಬೇಕು."

"ಬಿಟ್ರೆ ಎಷ್ಟು ಕಾಲ ಸ್ವಾಮಿ?"

"ಸುಗ್ಗಿ ನೋಡ್ಬಹುದು. ಉಪ್ಪು ತಿಂದ್ರೆ ನೋಡಲ್ಲ."

ಆಮೇಲೆ ಅವಳ ಮೂರು ಬೆರಳನ್ನು ಗಂಡನ ಮಣಿಕಟ್ಟಿನ ಮೇಲೆ ಇಡಿಸಿದರು. "ಇದು ತಪ್ಪಿ ತಪ್ಪಿ ಹೊಡೆದ್ರೆ ತಡ ಮಾಡ್ದೆ ಕರ್ಕೊಂಡು ಬಾ. ಈ ಕಾಯಿಲೆಯೋರು ಎಷ್ಟೋ ಸಲ ಎದೆ ನಿಂತು ಹೋಗ್ತಾರೆ."

ಸುಗ್ಗಿ. ಅಷ್ಟು ಸಿಕ್ಕರೆ ಸಾಕು ಅಂದುಕೊಂಡಳು. ಉಪ್ಪಿನ ಗಡಿಗೆಯನ್ನು ಬಟ್ಟೆಯಲ್ಲಿ ಬಿಗಿದು ಅಟ್ಟಕ್ಕೆ ಏರಿಸಿದಳು. ಸಪ್ಪೆ ಸಾರು, ಸಪ್ಪೆ ಮುದ್ದೆ. ಕದಿರಪ್ಪ ಮೊದಲ ದಿನ ಬೈದ. ಎರಡನೇ ದಿನ ತಣಿಗೆಯನ್ನು ಗೋಡೆಗೆ ಎಸೆದ.

ಆವಲಮ್ಮ ಸಾರು ಬಳಿದು ತೆಗೆಯುತ್ತ ಅಂದಳು: "ಉಪ್ಪಿಲ್ಲದ ಅನ್ನ ಪಿಂಡಕ್ಕೆ ಇಡೋದು ಕಣೇ. ಬದುಕಿರೋನಿಗೆ ಇಡ್ತೀಯಲ್ಲ, ಅಷ್ಟು ಅರ್ಜೆಂಟಾ ನಿಂಗೆ?"

"ನೀನು ಇಕ್ಕು ಹಂಗಾದ್ರೆ. ಉಪ್ಪು ಸುರಿದು ನೀನೇ ಸಾಯ್ಸು ಅತ್ತಿಗೆ."

ಹದಿನೈದು ದಿನ ಹೀಗೇ ನಡೆಯಿತು. ಆಮೇಲೆ ಕದಿರಪ್ಪ ಊಟವನ್ನೇ ಬಿಟ್ಟ. ಎರಡು ದಿನ ಬಾಯಿ ತೆರೆಯಲಿಲ್ಲ. ಮೂರನೇ ದಿನ ಬೆಳಿಗ್ಗೆ ಆವಲಮ್ಮ ಹೊಲದ ಬದುವಿನಿಂದ ಒಂದು ಹೊರೆ ಉತ್ತರಾಣಿ ಗಿಡ ಕಿತ್ತು ತಂದಳು. ಬಿಸಿಲಿಗೆ ಒಣಗಿಸಿ ಸಂಜೆ ಸುಟ್ಟಳು. ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಮಡಕೆಯಲ್ಲಿ ಕಾಯಿಸಿದಳು. ನೀರು ಇಂಗಿ ತಳದಲ್ಲಿ ಬಿಳಿ ಪುಡಿ ಉಳಿಯಿತು. ಮೂತ್ರ ಕಟ್ಟಿದವರಿಗೆ ಆ ಕಡೆ ಹಿಂದಿನಿಂದ ಕೊಡುತ್ತಿದ್ದದ್ದೇ ಅದು.

"ಡಾಕ್ಟರು ಬೇಡ ಅಂದದ್ದು ಸಮುದ್ರದ ಉಪ್ಪು. ಇದು ಗಿಡದ್ದು. ರುಚಿನೂ ಆಗ್ತದೆ, ನೀರೂ ಬಿಡ್ತದೆ. ಒಂದು ಚಿಟಿಕೆ ಹಾಕು, ಸಾಕು."

ಚಿಕ್ಕಗಂಗಮ್ಮ ನಾಲಿಗೆಗೆ ಇಟ್ಟು ನೋಡಿದಳು. ಚುರುಗುಟ್ಟಿತು. ಹಿಂದೆಯೇ ಉಪ್ಪುಪ್ಪು ಅನ್ನಿಸಿತು. ಸಾರಿಗೆ ಹಾಕಿದಳು. ಕದಿರಪ್ಪ ಒಂದೂವರೆ ಮುದ್ದೆ ನುಂಗಿದ.

"ಅಕ್ಕನ ಕೈಗುಣ," ಅಂದ. ಅಕ್ಕ ಒಲೆಯ ಮುಂದೆ ಕೂತದ್ದನ್ನು ನೋಡಿದ್ದ.

ಆ ಮಾತು ಚಿಕ್ಕಗಂಗಮ್ಮನಿಗೆ ಚುಚ್ಚಿತು. ಮಾರನೆಯ ದಿನದಿಂದ ಎರಡು ಚಿಟಿಕೆ ಹಾಕಿದಳು. ಆವಲಮ್ಮನಿಗೆ ಹೇಳಲಿಲ್ಲ. ಅವನು ಎದ್ದು ಓಡಾಡಿದರೆ ಅದು ತನ್ನ ಕೈಯಿಂದ ಆಗಬೇಕು, ಅಷ್ಟೇ.

ಬೂದಿ ಹಾಕಲು ಶುರುಮಾಡಿದ ಒಂಬತ್ತನೇ ದಿನ ಬೆಳಿಗ್ಗೆ ಕದಿರಪ್ಪನಿಗೆ ಬಾಗಿಲ ಅಗುಳಿ ಎತ್ತಲು ಆಗಲಿಲ್ಲ. "ಕಾಲು ನನ್ನದಲ್ಲ ಅನ್ನಿಸ್ತದೆ ಕಣೇ," ಅಂದ. ಅವಳು ಮಣಿಕಟ್ಟು ಹಿಡಿದಳು. ಒಂದು. ಎರಡು. ಆಮೇಲೆ ಇಲ್ಲ. ಬೆರಳು ತೆಗೆಯದೆ ಕಾದಳು. ಮತ್ತೆ ಒಂದು ಬಂತು, ತುಂಬ ನಿಧಾನಕ್ಕೆ. ಗಾಡಿ ಹೂಡಿಸಿದಳು. ದಾರಿಯುದ್ದಕ್ಕೂ ಕೈ ಬಿಡಲಿಲ್ಲ.

ಡಾಕ್ಟರು ಗಾಡಿಯ ಹತ್ತಿರವೇ ಬಂದು ಎದೆಗೆ ಕೊಳವೆ ಇಟ್ಟು ಕೇಳಿದರು. ಏನು ತಿಂದ ಅಂದರು. ಅವಳು ಸೆರಗಿನ ಗಂಟು ಬಿಚ್ಚಿ ಬಿಳಿ ಪುಡಿ ತೋರಿಸಿ, ಉತ್ತರಾಣಿ ಬೂದಿಯದು ಅಂದಳು. ಬೆರಳಿಗೆ ಹಚ್ಚಿಕೊಂಡು ನೆಕ್ಕಿ ಉಗಿದರು.

"ಬೂದಿಯಲ್ಲಿರೋ ಕ್ಷಾರ ಮೂತ್ರದಲ್ಲಿ ಹೋಗ್ಬೇಕಮ್ಮ. ಇವನಿಗೆ ಮೂತ್ರವೇ ಇಲ್ಲ. ರಕ್ತದಲ್ಲಿ ನಿಂತು ಎದೆ ಹಿಡಿದಿದೆ. ಇದು ಆ ಉಪ್ಪಿಗಿಂತ ಕೆಟ್ಟದ್ದು."

"ನೀವು ಹೇಳ್ಳಿಲ್ಲ ಸ್ವಾಮಿ."

"ನೀನು ಕೇಳ್ಳಿಲ್ಲ."

ಒಂದು ಸೂಜಿ ಚುಚ್ಚಿದರು. ಕದಿರಪ್ಪ ಕಣ್ಣು ಬಿಟ್ಟ.

"ಏನ್ ಹಾಕ್ದೆ ಅಂತಾನೆ ಡಾಕ್ಟ್ರು?"

"ಬೂದಿ."

"ರುಚಿಯಾಗಿತ್ತು ಕಣೇ."

ಮಧ್ಯಾಹ್ನ ಎರಡು ಗಂಟೆಗೆ ನಾಡಿ ಒಂದು ಸಲ ಹೊಡೆಯಿತು. ಅವಳು ಮುಂದಿನದಕ್ಕೆ ಕಾದಳು. ಬರಲಿಲ್ಲ.

ಅವನು ಸತ್ತ ಹನ್ನೊಂದನೇ ದಿನ ತಿಥಿಗೆ ನೆಂಟರು ಸೇರಿದ್ದರು. ಪೆದ್ದಪ್ಪನೂ ಬಂದು ಜಗಲಿಯ ಮೇಲೆ ಕೂತಿದ್ದ. ಆವಲಮ್ಮ ಎಲ್ಲರ ಮುಂದೆ ಎದೆ ಬಡಿದುಕೊಂಡಳು. "ಉಪ್ಪು ಅಟ್ಟಕ್ಕೆ ಏರ್ಸಿ ನನ್ನ ತಮ್ಮನ್ನ ಕೊಂದ್ಳು ಇವಳು."

ಎಲ್ಲರೂ ಚಿಕ್ಕಗಂಗಮ್ಮನ ಕಡೆ ತಿರುಗಿದರು.

"ಉಪ್ಪಿಲ್ಲದ್ದಕ್ಕೆ ಸಾಯ್ಲಿಲ್ಲ," ಅಂದಳು ಅವಳು. "ಉತ್ತರಾಣಿ ಬೂದಿಗೆ ಸತ್ತ. ಡಾಕ್ಟರು ಹೇಳಿದ್ದು. ಮಾಡಿದ್ದು ಅತ್ತಿಗೆ. ಹಾಕಿದ್ದು ನಾನು. ಅವಳು ಒಂದು ಚಿಟಿಕೆ ಅಂದಿದ್ಳು, ನಾನು ಎರಡು ಹಾಕ್ದೆ."

ಆವಲಮ್ಮನ ಕೈ ಎದೆಯ ಮೇಲೇ ನಿಂತಿತು. "ಎರಡಾ? ಯಾಕೆ?"

"ನಿನ್ನ ಕೈಗುಣ ಅಂದ. ಅದಕ್ಕೆ."

ಪೆದ್ದಪ್ಪ ಎದ್ದು ಚಪ್ಪಲಿ ಮೆಟ್ಟಿ ಹೊರಟ. ಮಿಕ್ಕವರೂ ಒಬ್ಬೊಬ್ಬರಾಗಿ ಎದ್ದರು. ಎಲ್ಲರೂ ಹೋದ ಮೇಲೆ ಆವಲಮ್ಮ ಸಣ್ಣ ದನಿಯಲ್ಲಿ, "ಇನ್ಮೇಲೆ ಯಾರು ಕೇಳಿದ್ರೂ ಕಾಯಿಲೆಗೆ ಹೋದ ಅನ್ನು ಗಂಗಿ. ನಿನಗೂ ಒಳ್ಳೇದು, ನನಗೂ ಒಳ್ಳೇದು," ಅಂದಳು.

"ಅನ್ನಲ್ಲ."

ಇವತ್ತಿನವರೆಗೂ ಅಂದಿಲ್ಲ. ಸುತ್ತಲ ಊರುಗಳಲ್ಲಿ ಯಾರಾದರೂ ಊದಿಕೊಂಡು ಮಲಗಿದ್ದಾರೆ ಎಂದು ಕಿವಿಗೆ ಬಿದ್ದರೆ ಕರೆಯದಿದ್ದರೂ ಹೋಗುತ್ತಾಳೆ. ಅಂಗಳದಲ್ಲಿ ಉತ್ತರಾಣಿ ಒಣಗುತ್ತಿದ್ದರೆ ಎತ್ತಿ ತಿಪ್ಪೆಗೆ ಹಾಕುತ್ತಾಳೆ. ಗಂಡನನ್ನು ಕೊಂದವಳು ಬಂದಳು ಅನ್ನುತ್ತಾರೆ. ಹೌದು ಅನ್ನುತ್ತಾಳೆ. ಮಲಗಿದವನ ಪಕ್ಕ ಕೂತು ಮಣಿಕಟ್ಟಿಗೆ ಕೈ ಹಾಕುತ್ತಾಳೆ.